ಟವಲಿನ ಕೆಳಗಿನ ಕೈ

ಈ ಸಂಗತಿಯನ್ನು ಬರೆಯುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಹೋದ ಸಲ ಬರೆಯಲು ಕೂತಾಗ ಕೃಷ್ಣೆಗೆ ನೆರೆ ಬಂದು ಗೋದಾಮಿನ ಅರಿಸಿನವೆಲ್ಲ ತೊಯ್ದ ಕತೆ ಬರೆದೆ. ಅದಕ್ಕೂ ಹಿಂದಿನ ಸಲ ನಮ್ಮ ಅಪ್ಪ ಲಿಂಗನೂರಿನಿಂದ ಸಾಂಗ್ಲಿಗೆ ಬಂದು ಅಡತಿ ಅಂಗಡಿ ಹಾಕಿದ್ದನ್ನು ಬರೆದೆ. ಓದಿದವರು ಚೆನ್ನಾಗಿದೆ ಅಂದರು. ಅವೆರಡೂ ಸುಳ್ಳಲ್ಲ. ಆದರೆ ಇದನ್ನು ಬರೆಯಬಾರದೆಂದೇ ಅವನ್ನು ಬರೆದೆ.

ಈಗ ನನಗೆ ಎಪ್ಪತ್ತೇಳು ವರ್ಷ. ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಒಬ್ಬ ಮನುಷ್ಯನ ಬಲಗೈ ನನ್ನಿಂದ ಹೋಯಿತು. ಕೈ ಹೋದ ಮೇಲೆ ಅವನ ಅನ್ನವನ್ನೂ ನಾನೇ ತೆಗೆದೆ. ಮೊದಲನೆಯದನ್ನು ಸಿಟ್ಟಿನಲ್ಲಿ ಮಾಡಿದೆ. ಎರಡನೆಯದನ್ನು ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ ಮಾಡಿದೆ.

ಅವನು ನಮ್ಮ ಅಂಗಡಿಯಲ್ಲಿ ತೂಕದವ. ರೈತರು ತಂದ ಅರಿಸಿನವನ್ನು ಚೀಲ ಚೀಲವಾಗಿ ತೂಗುವುದು, ಹರಾಜಿಗೆ ಯಾವ ರಾಶಿಯನ್ನು ಮುಂದೆ ಇಡಬೇಕೋ ಅದನ್ನು ಇಡಿಸುವುದು ಅವನ ಕೆಲಸ. ಚೀಲ ಎತ್ತಿ ನೋಡಿದರೆ ಸಾಕು, ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ತೂಕ ಹೇಳುತ್ತಿದ್ದ. ರೈತರು ಅವನ ಮಾತು ನಂಬುತ್ತಿದ್ದರು. ಮಾತುಗಾರ, ನಗಿಸುವವ. ಮಿರಜದ ಹತ್ತಿರದ ಆರಗ ಎಂಬ ಹಳ್ಳಿಯಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಮೂರು ಮಕ್ಕಳು, ತಾಯಿ, ಹೆಂಡತಿ. ಆ ಮನೆ ನಡೆಯುತ್ತಿದ್ದದ್ದು ತಕ್ಕಡಿಯ ಪಕ್ಕದ ಆ ಒಂದು ಜಾಗದಿಂದ.

ಅವನಿಗೊಂದು ಗುಟ್ಟಿತ್ತು. ಅದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದರ ಹಿಂದೆ ನಾನು ಅಡಗಿಕೊಳ್ಳಬಾರದೆಂದು ಈಗಲೇ ಹೇಳಿಬಿಡುತ್ತೇನೆ. ಅವನಿಗೆ ನಮ್ಮ ಕಡೆ ಮಹಾರೋಗ ಅನ್ನುವ ಕುಷ್ಠ ಬಂದಿತ್ತು. ಬಲ ಮೊಣಕೈ ಕೆಳಗೆ ಒಂದು ತಿಳಿ ಬಣ್ಣದ ಮಚ್ಚೆ. ಆ ಕೈಯ ಅಂಗೈಗೂ ಬೆರಳುಗಳಿಗೂ ಸ್ಪರ್ಶವೇ ಇರಲಿಲ್ಲ. ಬಿಸಿ, ತಣ್ಣಗೆ, ನೋವು, ಯಾವುದೂ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳದೆ ಮಿರಜಕ್ಕೆ ಹೋಗಿ ಗುಳಿಗೆ ತಂದು ನುಂಗುತ್ತಿದ್ದ. ವಾಸಿಯಾಗುವ ಕಾಯಿಲೆ, ಇನ್ನು ಕೆಲವು ತಿಂಗಳು ಸಾಕು ಎಂದು ಡಾಕ್ಟರು ಹೇಳಿದ್ದರಂತೆ. ಅಷ್ಟು ತಿಂಗಳು ಅಂಗಿಯ ತೋಳು ಇಳಿಬಿಟ್ಟುಕೊಂಡು ಮುಚ್ಚಿಟ್ಟರೆ ಅವನ ಜಾಗ ಉಳಿಯುತ್ತಿತ್ತು. ಜನ ಅನ್ನದಲ್ಲಿ ಹಾಕಿ ಉಣ್ಣುವ ಅರಿಸಿನವನ್ನು ಅಂಥ ಕೈಯಿಂದ ತೂಗಿಸಲು ನಮ್ಮ ಪೇಟೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ನಾನಂತೂ ಒಪ್ಪುತ್ತಿರಲಿಲ್ಲ.

ಇನ್ನು ನನ್ನ ಕೈ. ಆಗ ನಮ್ಮಲ್ಲಿ ಭಾವ, ಅಂದರೆ ಮಾಲಿನ ದರ, ಗೊತ್ತು ಮಾಡುವುದು ಬಾಯಿಂದಲ್ಲ, ಕೈಯಿಂದ. ಕೊಳ್ಳುವವನೂ ದಲಾಲನೂ ಎದುರುಬದುರು ನಿಂತು ಕೈ ಹಿಡಿದುಕೊಳ್ಳುತ್ತಿದ್ದರು. ಮೇಲೆ ಒಂದು ಟವಲು. ಅದರ ಕೆಳಗೆ ಇಷ್ಟು ಬೆರಳು ಹಿಡಿದರೆ ಇಷ್ಟು, ಗೆಣ್ಣು ಒತ್ತಿದರೆ ಇಷ್ಟು ಎಂದು ಲೆಕ್ಕ. ಸುತ್ತ ನೂರು ಮಂದಿ ನಿಂತಿದ್ದರೂ ಒಳಗಿನ ಮಾತು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಇಪ್ಪತ್ತೈದು ವರ್ಷ ಈ ಕೆಲಸ ಮಾಡಿ ನನಗೊಂದು ಸೊಕ್ಕು ಬಂದಿತ್ತು. ಮುಖ ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ ಅನ್ನುತ್ತಿದ್ದೆ. ಎದುರಿನವನು ಇನ್ನೂ ಏರುತ್ತಾನೋ ಇಲ್ಲೋ ಎಂಬುದು ಅವನ ಅಂಗೈಯ ಬೆವರಿನಲ್ಲಿ, ಹೆಬ್ಬೆರಳಿನ ಬುಡದ ಮಿಡಿತದಲ್ಲಿ ನನಗೆ ತಿಳಿಯುತ್ತಿತ್ತು. ಹೆಚ್ಚಿನ ಸಲ ನಾನು ಅಂದುಕೊಂಡದ್ದೇ ಸರಿಯಾಗುತ್ತಿತ್ತು. ಸೊಕ್ಕು ಬೆಳೆದದ್ದು ಅದರಿಂದ.

ಅದೇ ಕೈ ಹೊಡೆಯಲೂ ಮುಂದಿತ್ತು. ಅಪ್ಪ ನನ್ನನ್ನು ಚೀಲ ಹೊಲಿಯುವ ದಬ್ಬಣದ ಹಿಡಿಕೆಯಿಂದ ಹೊಡೆದು ಬೆಳೆಸಿದ್ದ. ನಾನು ಹಮಾಲರನ್ನು ಹೊಡೆದೆ, ಹೆಂಡತಿಯನ್ನು ಎರಡು ಸಲ ಹೊಡೆದೆ. ಮಾಧವನಗರದ ರಸ್ತೆಯಲ್ಲಿ ಸ್ಕೂಟರಿಗೆ ಅಡ್ಡ ಬಂದ ರಿಕ್ಷಾದವನನ್ನು ಇಳಿಸಿ, ಅವನ ಮೂಗಿನಿಂದ ರಕ್ತ ಬಂದು ಖಾಕಿ ಅಂಗಿ ತೊಯ್ಯುವವರೆಗೆ ಹೊಡೆದೆ. ಯಾರೂ ಏನೂ ಅನ್ನಲಿಲ್ಲ. ಪೇಟೆಯಲ್ಲಿ ಇದನ್ನು ದರ್ಪ ಅನ್ನುತ್ತಿದ್ದರು. ಆ ಮಾತು ನನಗೆ ಹಿತವಾಗಿತ್ತು.

ಆ ಹೊತ್ತಿಗೆ ಕಾಲ ಬದಲಾಗುತ್ತಿತ್ತು. ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯ ಎರಡೂ ಬದಿಯ ಹೊಲಗಳು ಪ್ಲಾಟುಗಳಾದವು. ಮೂಲೆಗೊಂದು ಫೋನ್ ಬೂತು, ಮಹಡಿಗೊಂದು ಕಂಪ್ಯೂಟರ್ ಕ್ಲಾಸು. ಪೇಟೆಗೆ ಮುಂಬೈಯಿಂದ ಕಂಪನಿಗಳ ಮಂದಿ ಬರತೊಡಗಿದರು. ಅವರಿಗೆ ನಮ್ಮ ಟವಲು ಕಂಡರೆ ನಗು. ನನ್ನ ಮಗಳು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಬಾಜೂ ಅಂಗಡಿಯವ ಕಂಪ್ಯೂಟರ್ ತಂದ ಎಂದು ನಾನೂ ತಂದೆ. ಅದರಿಂದ ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಂಗಡಿಯ ಮುಂದಿನ ಖೋಲಿಯಲ್ಲಿ ಅದನ್ನಿಟ್ಟು, ದೂಳು ಕೂಡಬಾರದೆಂದು ಹೊದಿಕೆ ಹೊಲಿಸಿದ್ದಾಯಿತು.

ಮಗಳು ಕ್ಲಾಸಿನ ಗೆಳತಿಯಿಂದ ಒಂದು ಆಟ ತಂದಳು. ನಾಲ್ಕು ಸೀಡಿ ತಟ್ಟೆಗಳ ಕಂಪ್ಯೂಟರ್ ಆಟ. ರವಿವಾರ ಪೇಟೆ ಬಂದ್ ಇದ್ದಾಗ ಮಧ್ಯಾಹ್ನ ಅವಳು ಆಡುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಮುಂದೆಂದೋ ಬರುವ ಕಾಲದ ಒಂದು ಶಹರ. ಅಲ್ಲಿ ಹಗಲೇ ಆಗುವುದಿಲ್ಲ, ಮಳೆ ನಿಲ್ಲುವುದಿಲ್ಲ. ಮುಗಿಲಿನ ಎತ್ತರದ ಕಟ್ಟಡಗಳು, ಕೆಂಪು ನೀಲಿ ಅಕ್ಷರಗಳ ದೀಪ, ಕೆಳಗೆ ಕೆಸರಿನಲ್ಲಿ ನೂಡಲ್ಸು ಮಾರುವವರು. ಉದ್ದ ಕೋಟಿನ ಒಬ್ಬ ಪತ್ತೇದಾರ ಒಬ್ಬನೇ ತಿರುಗುತ್ತಿದ್ದ. ನನ್ನ ಮ್ಯಾಟ್ರಿಕ್ಕಿನ ಇಂಗ್ಲಿಷು ಅವರ ಮಾತಿಗೆ ಸಾಲುತ್ತಿರಲಿಲ್ಲ. ಮಗಳು ಹೇಳುತ್ತಿದ್ದಳು.

"ಮನಶ್ಯಾರಂಗ ಮಾಡಿದ ಮಶೀನಿನ ಮಂದಿ ಊರಾಗ ಹೊಕ್ಕಾರಪ್ಪಾ. ಅವರನ್ನ ಹುಡುಕಿ ಹೊಡೀಬೇಕು."

"ಹೆಂಗ ಗುರ್ತ ಹಿಡೀತಾನ?"

"ಎದುರಿಗೆ ಕುಂದರ್ಸಿ ಸವಾಲ ಕೇಳ್ತಾನ. ಒಂದ ಯಂತ್ರ ಹಚ್ಚಿರತಾನ. ಕೆಟ್ಟ ಕೆಟ್ಟ ಸವಾಲ. ಮನಶ್ಯಾ ಆದರ ಕರುಳ ಚುರ್ರ ಅಂತೈತಿ, ಮುಳ್ಳ ಅಳ್ಳಾಡತೈತಿ. ಮಶೀನಿನವಗ ಅಳ್ಳಾಡೂದಿಲ್ಲ."

"ಅಂದರ ನಮ್ಮ ಟವಲ ಇದ್ದಂಗ."

ಅವಳು ನಕ್ಕಳು. "ನಿನಗ ಎಲ್ಲಾದರಾಗೂ ಅರಿಷಿಣಾನ ಕಾಣಸ್ತೈತಿ ನೋಡು."

ನಾನು ನಗಲಿಲ್ಲ. ನನಗೆ ಅದು ಹಿಡಿಸಿತು. ನಾನು ಇಷ್ಟು ವರ್ಷ ಕೈಯಿಂದ ಮಾಡಿದ ಕೆಲಸವನ್ನೇ ಯಾರೋ ಪರದೇಶದವರು ಯಂತ್ರದಿಂದ ಮಾಡಿ ತೋರಿಸಿದ್ದರು. ಬರಬರುತ್ತ ನಾನೇ ಆಡತೊಡಗಿದೆ. ಪತ್ತೇದಾರನ ಕೈಯಲ್ಲಿ ಪಿಸ್ತೂಲು ಇತ್ತು. ಯಾರಿಗೆ ಬೇಕಾದರೂ ಗುಂಡು ಹೊಡೆಯಬಹುದಿತ್ತು. ಸವಾಲು ಕೇಳುವುದು ನನಗೆ ತಡ ಅನಿಸುತ್ತಿತ್ತು. ಒಮ್ಮೆ ಒಂದು ಮೆಟ್ಟಿಲ ಮೇಲೆ ಓಡುತ್ತಿದ್ದವಳಿಗೆ ಬೆನ್ನಿಗೆ ಹೊಡೆದೆ. ಅವಳು ಮಳೆಯಲ್ಲಿ ಬಿದ್ದಳು.

"ಅಪ್ಪಾ, ಆಕಿ ಮನಶ್ಯಾಳಿದ್ದಳು," ಅಂದಳು ಮಗಳು.

"ಹೋದ ವಾರ ನೀನ ಆಕೀನ್ನ ಮಶೀನ ಅಂದಿದ್ದಿ."

"ಹೋದ ವಾರ ಮಶೀನ ಇದ್ದಳು. ಪ್ರತಿ ಸಲ ಹೊಸದಾಗಿ ಚಾಲೂ ಮಾಡಿದಾಗ ಯಾರ ಏನು ಅನ್ನೂದು ಬದಲಾಗತೈತಿ. ಅದಕ್ಕ ಪ್ರತಿ ಸಲ ಕೇಳಬೇಕು."

"ಹುಚ್ಚರ ಆಟ," ಎಂದು ಎದ್ದೆ. ಅವಳು ಹೇಳಿದ್ದನ್ನು ಕಿವಿಗೆ ಹಾಕಿಕೊಂಡಿದ್ದರೆ ಈ ಬರಹವೇ ಬೇಕಿರಲಿಲ್ಲ.

ಆ ಹಂಗಾಮಿನಲ್ಲಿ ನಾನು ಮುಂಬೈಯ ಒಂದು ಕಂಪನಿಗೆ ಅರಿಸಿನ ಕೊಂಡು ಕಳಿಸುತ್ತಿದ್ದೆ. ಕಂಪನಿಯವನು ಬೆಳಗ್ಗೆ ಫೋನ್ ಮಾಡಿ, ಇವತ್ತು ಎಲ್ಲಿವರೆಗೆ ಏರಬಹುದು ಎಂದು ಹೇಳುತ್ತಿದ್ದ. ಆ ಮಾತು ನನಗೆ ಗೊತ್ತು, ನನ್ನ ತೂಕದವನಿಗೆ ಗೊತ್ತು. ಬೇರೆ ಯಾರಿಗೂ ಇಲ್ಲ. ಆದರೂ ಎದುರಿನ ಸಾಲಿನ ವ್ಯಾಪಾರಿ ನನಗಿಂತ ಒಂದೇ ಒಂದು ಬೆರಳು ಹೆಚ್ಚು ಹಿಡಿದು ಒಳ್ಳೆಯ ರಾಶಿಗಳನ್ನೆಲ್ಲ ಎತ್ತುತ್ತಿದ್ದ. ಒಂದು ಹರಾಜಿನಲ್ಲಲ್ಲ, ಸಾಲಾಗಿ ಐದಾರು ಹರಾಜಿನಲ್ಲಿ. ಮಂದಿ ನಗತೊಡಗಿದರು. "ಶೇಟಜಿಯ ಕೈ ಮುಪ್ಪಾತು," ಎಂದು ಯಾರೋ ಅಂದದ್ದು ಕೇಳಿಸಿತು. ಒಳಗಿನ ಭಾವವನ್ನು ತೂಕದವನೇ ಹೊರಗೆ ಹಾಕುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಬೇರೆ ದಾರಿ ಇರಬಹುದೆಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಹರಾಜು ಮುಗಿದ ಒಂದು ಮಧ್ಯಾಹ್ನ ಗೋದಾಮಿನಲ್ಲಿ ಅವನನ್ನು ಚೀಲದ ಮೇಲೆ ಕೂರಿಸಿದೆ. ನಾನು ಎದುರಿಗೆ ಕೂತೆ. ಬಿಸಿಲಿಗೆ ತಗಡು ಕಾದಿತ್ತು, ಗಾಳಿಯೆಲ್ಲ ಹಳದಿ. ಚೀಲ ಹೊರುತ್ತಿದ್ದ ಐದಾರು ಹಮಾಲರು ಏನೋ ಮಜಾ ಇದೆ ಎಂದು ನಿಂತರು. ನಾನು ಟವಲು ಹಾಸಿ ಅದರ ಕೆಳಗೆ ಅವನ ಬಲಗೈ ಹಿಡಿದೆ. ಅವನು ಮೊದಲು ಎಡಗೈ ಚಾಚಿದ್ದ. ಅದನ್ನು ನಾನು ಸರಿಸಿದೆ.

"ಏನ ಖರೀದಿ ಮಾಡಾಕತ್ತೀರಿ ಸಾವಕಾರ್ರ? ನನ್ನ ಮಾರೂದಾದರ ಮದಲ ನಮ್ಮಾಕೀನ್ನ ಕೇಳ್ರಿ," ಅಂದ.

ಹಮಾಲರು ನಕ್ಕರು.

"ಕೇಳಿದ್ದಕ್ಕ ಜವಾಬ ಕೊಡು. ನಿನ್ನ ಮಗಳ ಕೈಯಾಗಿನ ರೊಟ್ಟಿ ನಾಯಿ ಕಸಗೊಂಡ ಹೋತು. ಆ ನಾಯಿಗೆ ಮೂರ ಮರಿ ಅದಾವು, ಹಸದಾವು. ಏನ ಮಾಡ್ತಿ?"

ಈ ಸವಾಲುಗಳನ್ನು ನಾನು ಎರಡು ದಿನ ಕೂತು, ಆ ಆಟದಲ್ಲಿ ಕೇಳುವ ರೀತಿಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಐವತ್ತು ವರ್ಷದ ಗಂಡಸು ನಾನು.

"ಏನೂ ಮಾಡೂದಿಲ್ರಿ. ನಮ್ಮಾಕಿ ಮಾಡಿದ ರೊಟ್ಟಿ ಆದರ ನಾಯೀನ ವಾಪಸ ತಂದ ಕೊಡತೈತಿ."

ಒಬ್ಬ ಹಮಾಲ ನಗು ತಾಳಲಾರದೆ ಚೀಲಕ್ಕೆ ಒರಗಿದ. ನನ್ನ ಕಿವಿ ಬಿಸಿಯಾದವು. ಆದರೆ ಟವಲಿನ ಕೆಳಗೆ ನಾನು ಕಾಯುತ್ತಿದ್ದದ್ದು ಬೇರೆ. ನಾನು ಅವನ ಹೆಬ್ಬೆರಳಿನ ಬುಡ ಒತ್ತಿದೆ, ಉಗುರಿನ ಸಂದಿಗೆ ನನ್ನ ಉಗುರು ಕೊಟ್ಟು ಒತ್ತಿದೆ. ಯಾರ ಕೈಯಾದರೂ ಎಳೆದುಕೊಳ್ಳುತ್ತಿತ್ತು. ಅವನ ಕೈ ಕಟ್ಟಿಗೆ ಇದ್ದ ಹಾಗೆ ಇತ್ತು.

"ನಿನ್ನ ತಾಯಿ ಮುಂದ ನಿನ್ನ ಯಾರರೆ ಕಳ್ಳ ಅಂದರ ಏನ ಮಾಡ್ತಿ?"

ಅವನ ನಗು ಹೋಯಿತು. ನನ್ನ ಮುಖವನ್ನೇ ನೋಡಿದ.

"ಆ ಮಾತ ನೀವ ಅನ್ನಾಕತ್ತೀರೇನ್ರಿ?"

"ಒಳಗಿನ ಭಾವ ಯಾರಿಗೆ ಹೇಳಿದಿ?"

"ಯಾರಿಗೂ ಹೇಳಿಲ್ರಿ."

"ನಿನ್ನ ಕೈ ಬ್ಯಾರೆ ಹೇಳತೈತಿ."

"ಕೈ ಬಿಡ್ರಿ ಸಾವಕಾರ್ರ. ಮಂದಿ ನೋಡಾಕತ್ತಾರ."

ಅವನು ಹೆದರಿದ್ದ. ಕೈಯ ಗುಟ್ಟು ಹೊರಬಿದ್ದೀತೆಂದು ಹೆದರಿದ್ದ. ನಾನು ಅದನ್ನು ಕಳ್ಳನ ಹೆದರಿಕೆ ಅಂದುಕೊಂಡೆ. ಕಣ್ಣಲ್ಲಿ ಅಷ್ಟು ಹೆದರಿಕೆ, ಕೈಯಲ್ಲಿ ಒಂದಿಷ್ಟೂ ಇಲ್ಲ. ಇಪ್ಪತ್ತೈದು ವರ್ಷದಲ್ಲಿ ಅಂಥ ಕೈ ನಾನು ಹಿಡಿದಿರಲಿಲ್ಲ. ಸುಳ್ಳಿಗೆ ಗಟ್ಟಿಯಾಗಿ ತಯಾರಾಗಿ ಬಂದವನ ಕೈ ಮಾತ್ರ ಹೀಗೆ ಸತ್ತು ಬಿದ್ದಿರುತ್ತದೆ ಎಂದು ನನಗೆ ಖಾತ್ರಿಯಾಯಿತು. ಪಕ್ಕದ ಚೀಲಕ್ಕೆ ಹಮಾಲರ ಕಬ್ಬಿಣದ ಕೊಕ್ಕೆ ಸಿಕ್ಕಿಸಿತ್ತು. ಎಡಗೈಯಿಂದ ಅದನ್ನು ಕಿತ್ತು, ಟವಲಿನ ಕೆಳಗೆ ಒಯ್ದು, ಅದರ ಮೊನೆಯನ್ನು ಅವನ ಅಂಗೈಗೆ ಇಟ್ಟು ಒತ್ತಿದೆ. ಆ ಆಟದ ಯಂತ್ರದಲ್ಲಿನ ಹಾಗೆ ಮುಳ್ಳು ಅಳ್ಳಾಡಲಿ ಎಂದು ಒತ್ತಿದೆ. ಅಳ್ಳಾಡಲಿಲ್ಲ. ಇನ್ನೂ ಒತ್ತಿದೆ. ಚರ್ಮ ಹರಿದು ಒಳಗೆ ಹೋದದ್ದು ನನ್ನ ಕೈಗೆ ತಿಳಿಯಿತು, ಎಲುಬು ತಾಗಿದ್ದೂ ತಿಳಿಯಿತು. ಅವನು ನನ್ನ ಮುಖ ನೋಡುತ್ತ, "ನನ್ನ ಮಕ್ಕಳ ಆಣಿ ಮಾಡ್ತೇನ್ರಿ, ಹೇಳಿಲ್ಲ," ಎಂದು ಮೊದಲಿನ ದನಿಯಲ್ಲೇ ಹೇಳುತ್ತಿದ್ದ.

ಮುದುಕ ಹಮಾಲನೊಬ್ಬ ಮರಾಠಿಯಲ್ಲಿ, "ಶೇಟ, ರಕ್ತ ಆಲಂ," ಅಂದ.

ಟವಲು ಕೆಂಪಾಗಿತ್ತು. ಅವನು ಆಗ ಕೆಳಗೆ ನೋಡಿದ. ತನ್ನ ರಕ್ತವನ್ನು ಅವನು ನಮ್ಮೆಲ್ಲರ ಜೊತೆಗೇ ನೋಡಿದ.

ಆ ಗಳಿಗೆಯಲ್ಲಿ ಯಾರಿಗಾದರೂ ತಿಳಿಯಬೇಕಿತ್ತು. ನನಗೆ ತಿಳಿಯಲಿಲ್ಲ. ನಾನು ಎದ್ದು ಅವನ ಎದೆಗೆ ಒದ್ದೆ. ಅವನು ಹಿಂದಕ್ಕೆ ಬಿದ್ದ. ತಕ್ಕಡಿಯ ಬಡಿಗೆ ತೆಗೆದುಕೊಂಡು ಬೆನ್ನಿಗೆ, ತೊಡೆಗೆ ಹೊಡೆದೆ. ಕಿವಿಯ ಮೇಲೆ ಹೊಡೆದಾಗ ಅವನ ಬಾಯಿಂದ ಒಂದು ಹಲ್ಲು ಅರಿಸಿನದ ಹುಡಿಯಲ್ಲಿ ಬಿತ್ತು. ಮುದುಕ ಹಮಾಲ ನನ್ನ ನಡ ಹಿಡಿದುಕೊಂಡ, ಅವನನ್ನೂ ತಳ್ಳಿದೆ. ಮುಂದಿನ ಖೋಲಿಯಿಂದ ಮಗಳು ಓಡಿಬಂದು ನನ್ನ ತೋಳಿಗೆ ಜೋತುಬಿದ್ದಳು. ಕೊಡವಿದೆ. ಅವಳ ಹಣೆ ಕಂಬಕ್ಕೆ ಬಡಿಯಿತು. ಅವಳು ಅಳಲಿಲ್ಲ. ಅವನ ಕೈಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಕೊಕ್ಕೆಯನ್ನೇ ನೋಡುತ್ತಿದ್ದಳು.

"ಅಪ್ಪಾ, ಕಾಕಾನ ಕೈಗೆ ಸುದ್ದೀನ ಇಲ್ಲ. ಚುಚ್ಚಿದ್ದ ಅವರಿಗೆ ಗೊತ್ತಾಗಿಲ್ಲ."

ಅವನು ನೆಲದಿಂದ ಎದ್ದು ಕೂತ. ಕೊಕ್ಕೆಯನ್ನು ಎಡಗೈಯಿಂದ ಎಳೆದು ತೆಗೆದ. ಆಮೇಲೆ ಮುಖ ಕಿವುಚಿ, ಬಲಗೈಯನ್ನು ಎದೆಗೆ ಒತ್ತಿಕೊಂಡು ನರಳಿದ. "ಗೊತ್ತಾಗೇತವ್ವಾ. ನೋವಾಗೇತಿ. ಭಾಳ ನೋವಾಗೇತಿ." ನನ್ನ ಕಡೆ ತಿರುಗಿ, "ಹೌದ್ರಿ, ಭಾವ ನಾನ ಹೇಳೇನಿ. ಸಾಕ ಮಾಡ್ರಿ," ಅಂದ.

ಮಾಡದ ತಪ್ಪನ್ನು ಅವನು ಯಾಕೆ ಒಪ್ಪಿಕೊಂಡ ಎಂಬುದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ. ಭಾವ ಹೊರಗೆ ಹಾಕಿದವನಿಗೆ ಒಂದು ಹಂಗಾಮು ಬಿಟ್ಟು ಬೇರೆ ಅಂಗಡಿಯಲ್ಲಿ ಕೆಲಸ ಸಿಗುತ್ತದೆ. ಮಹಾರೋಗದವನಿಗೆ ಸಿಗುವುದಿಲ್ಲ. ರಕ್ತ ಸುರಿಯುತ್ತಿದ್ದಾಗಲೂ ಅವನು ಅಷ್ಟು ಲೆಕ್ಕ ಹಾಕಿದ್ದ. ಕಳ್ಳನಾಗಿ ಉಳಿಯುವುದೇ ಲೇಸು ಎಂದು ನಿರ್ಧರಿಸಿದ್ದ.

ನಾನು ಗೆದ್ದೆ ಅಂದುಕೊಂಡೆ. ಅವನು ಅದೇ ಟವಲನ್ನು ಕೈಗೆ ಸುತ್ತಿಕೊಂಡು ಬಸ್ಸಿಗೆ ಹೋದ. ಆ ಸಂಜೆ ಮಗಳು ಕಂಪ್ಯೂಟರಿಗೆ ಹೊದಿಕೆ ಹಾಕಿದಳು. ಅವಳು ಮತ್ತೆ ಆ ಆಟ ಆಡಿದ್ದನ್ನು ನಾನು ನೋಡಲಿಲ್ಲ.

ಹಮಾಲರು ಬಿಡಲಿಲ್ಲ. ಅವರಲ್ಲಿ ಹಿರಿಯನಾದ ಅದೇ ಮುದುಕ ನಾಲ್ಕೈದು ಮಂದಿಯನ್ನು ಕರೆದುಕೊಂಡು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಪೊಲೀಸರ ಮಾತು ಎತ್ತಲಿಲ್ಲ. "ಶೇಟ, ಒಂದ ಮಾತು. ಅವ ಗುಣಾ ಆಗಿ ಬಂದ ಮ್ಯಾಲ ನಾಕ ಮಂದಿ ಮುಂದ ಕೈ ಮುಗದು ತಪ್ಪಾತು ಅನ್ರಿ. ಕಳವು ಮಾಡಿದರ ಕೆಲಸ ಬಿಡಸಬೇಕಿತ್ತು. ಕೊಕ್ಕಿ ಚುಚ್ಚೂದಲ್ಲ. ನೀವ ಅನ್ನದಿದ್ದರ ನಿಮ್ಮ ಅಂಗಡಿ ಚೀಲಾ ನಾವ ಮುಟ್ಟೂದಿಲ್ಲ."

ತೂಕದವನ ಮುಂದೆ ಕೈ ಮುಗಿಯುವುದು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಅವನ ಕೈ ನೆನೆದು ಅಲ್ಲ, ಆ ಮೆಟ್ಟಿಲ ಮುಂದೆ ನಿಂತ ನನ್ನನ್ನು ನೆನೆದು.

ಒಂದು ತಿಂಗಳು ಅವನು ಬರಲಿಲ್ಲ. ಬಂದದ್ದು ಅವನ ಹೆಂಡತಿ. ಅಂಗಡಿಯ ಬಾಗಿಲಲ್ಲಿ ನಿಂತು ಸೆರಗು ಹೊದ್ದು ನೆಲ ನೋಡುತ್ತ ಹೇಳಿದಳು. ಗಾಯಕ್ಕೆ ನೋವಿಲ್ಲವಲ್ಲ, ಅವನು ಬಟ್ಟೆ ಸುತ್ತಿ ಬಿಟ್ಟಿದ್ದ. ಯಾರಿಗಾದರೂ ತೋರಿಸಿದರೆ ರೋಗ ಹೊರಬೀಳುತ್ತದೆಂದು ತೋರಿಸಿರಲಿಲ್ಲ. ಒಳಗೆ ಕೀವಾಗಿ, ಕೈ ನೀಲಿಗಟ್ಟಿ, ಜ್ವರ ಏರಿ ಮಾತು ತಪ್ಪಿದ ಮೇಲೆ ಮಿರಜಕ್ಕೆ ಒಯ್ದಿದ್ದರು. ನಾಲ್ಕು ಬೆರಳು ತೆಗೆದಿದ್ದರು.

"ಬೆರಳಿಗೆ ಸುದ್ದಿ ಇರಲಿಲ್ರಿ ಅವರಿಗೆ. ಗುಳಿಗಿ ತಗೊಳ್ಳಾಕತ್ತಿದ್ದರು. ಇನ್ನ ನಾಕ ತಿಂಗಳಿಗೆ ಮುಗೀತಿತ್ತು. ಡಾಕ್ಟರು ಹೇಳ್ಯಾರ, ಈಗ ಯಾರಿಗೂ ಹತ್ತೂದಿಲ್ಲಂತ. ತಕ್ಕಡಿ ಮುಂದ ಕುಂತ ಬರಕೊಳ್ಳೂ ಕೆಲಸ ಕೊಟ್ಟರೂ ನಡೀತೈತ್ರಿ. ಎಡಗೈಲೆ ಬರೀತಾರ. ಈ ಮಾತ ನಿಮ್ಮ ಹೊಟ್ಟ್ಯಾಗ ಇರ್ಲಿ."

ಅವಳು ಒಂದು ಹೆಜ್ಜೆ ಒಳಗೆ ಬಂದಿದ್ದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಅದನ್ನು ನೋಡಿದಳು. ನೋಡಿ, ಬಾಗಿಲಿಗೆ ವಾಪಸು ಹೋಗಿ ನಿಂತಳು. "ನೋಡೋಣ," ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಸಾಬೂನು ಹಚ್ಚಿ ಮೊಣಕೈವರೆಗೆ ಮೂರು ಸಲ ಕೈ ತೊಳೆದೆ.

ಮರುದಿನ ಹಮಾಲರ ಹಿರಿಯ ಮತ್ತೆ ಬಂದ. ಚಹಾ ತರಿಸಿದೆ. ಬಾಜೂ ಅಂಗಡಿಯವರೂ ಇಬ್ಬರು ಬಂದು ಕೂತರು. ಅವನ ಬೆರಳು ಹೋದ ಸುದ್ದಿ ಅವರಿಗೆ ತಲುಪಿತ್ತು. ಇನ್ನು ತಪ್ಪಾಯಿತು ಅನ್ನಲೇಬೇಕು ಎಂದು ಆ ಮುದುಕ ಗಟ್ಟಿಯಾಗಿ ಕೂತಿದ್ದ. ನಾನು ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದೆ:

"ಬೆರಳ ಕೊಕ್ಕಿಯಿಂದ ಹೋಗಿಲ್ಲಪ್ಪಾ. ಅವಗ ಮಹಾರೋಗ ಐತಿ. ವರ್ಷದಿಂದ ಮುಚ್ಚಿ ಇಟ್ಟಿದ್ದ. ನೀವು ಅವನ ಕೂಡ ಒಂದ ಡಬ್ಬಿಯೊಳಗ ಉಂಡೀರಿ. ನಾ ಆವತ್ತ ಸಿಟ್ಟ ಮಾಡಿದ್ದ ಅದಕ್ಕ."

ಕೊನೆಯ ಮಾತು ಹಸಿ ಸುಳ್ಳು. ಯಾರೂ ಅದನ್ನು ಪರೀಕ್ಷಿಸಲಿಲ್ಲ. ಮುದುಕ ಕಪ್ಪು ಕೆಳಗಿಟ್ಟು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಬಾಜೂ ಅಂಗಡಿಯವನು, "ಅರೆರೆ, ಇಷ್ಟ ದಿನ ಅರಿಷಿಣಾ ಮುಟ್ಟ್ಯಾನಲ್ಲೋ," ಅಂದ. ಸಂಜೆಯ ಹೊತ್ತಿಗೆ ಪೇಟೆಯ ತುಂಬ ಅದೇ ಮಾತು. ಹಮಾಲರೇ ನಮ್ಮ ತಕ್ಕಡಿಯನ್ನು ಹೊರಗೆ ಎಳೆದು ನೀರು ಹಾಕಿ ತೊಳೆದರು. ಅವನು ಕೂರುತ್ತಿದ್ದ ಗೋಣಿಯನ್ನು ಸುಟ್ಟರು. ತಪ್ಪಾಯಿತು ಅನ್ನಿ ಎಂದು ಆಮೇಲೆ ನನ್ನನ್ನು ಯಾರೂ ಕೇಳಲಿಲ್ಲ.

ಕೆಲವು ವಾರಗಳ ಮೇಲೆ ಅವನು ಒಮ್ಮೆ ಪೇಟೆಗೆ ಬಂದನಂತೆ. ನಾನು ನೋಡಲಿಲ್ಲ. ನಾಲ್ಕು ಅಂಗಡಿಗಳಲ್ಲಿ ಕೆಲಸ ಕೇಳಿದನಂತೆ. ಒಂದು ಅಂಗಡಿಯ ಹುಡುಗರು ದೂರದಿಂದಲೇ ಹೆಂಟೆ ಎಸೆದರಂತೆ. ಒಂದು ಹುಬ್ಬಿಗೆ ತಾಗಿತಂತೆ.

ಇನ್ನು ಆ ಭಾವದ ಮಾತು. ಹಂಗಾಮು ಮುಗಿಯುವ ಹೊತ್ತಿಗೆ ಎದುರಿನ ಸಾಲಿನ ವ್ಯಾಪಾರಿಯೇ ನಗುತ್ತ ಹೇಳಿದ. ಮುಂಬೈಯವನು ದಿನಾ ಬೆಳಗ್ಗೆ ನನಗೆ ಫೋನ್ ಮಾಡಿದ ಮೇಲೆ ಅವನಿಗೂ ಮಾಡಿ, ನಾನು ಎಲ್ಲಿವರೆಗೆ ಏರುತ್ತೇನೆಂದು ಹೇಳುತ್ತಿದ್ದ. ನಮ್ಮಿಬ್ಬರನ್ನೂ ಜಗಳಕ್ಕೆ ಹಚ್ಚಿ ಯಾರು ಚುರುಕು ಎಂದು ನೋಡುತ್ತಿದ್ದ. "ನಿನಗ ಗೊತ್ತೈತಿ ಅಂತ ತಿಳದಿದ್ದೆ. ಈಗಿನ ಕಂಪನಿ ಮಂದಿ ಹಿಂಗ ಮಾಡೂದು," ಅಂದ. ಟವಲಿನ ಕೆಳಗೆ ಎಂಥ ಕೈ ಹಿಡಿದರೂ ಅದು ತಿಳಿಯುವ ಸಂಗತಿಯಾಗಿರಲಿಲ್ಲ. ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಹೋಗಿ ಕಾಕಾಗ ಹೇಳು," ಅಂದಳು. ಹೋಗಲಿಲ್ಲ.

ಗುಳಿಗೆಗಳು ಮುಗಿದು ಅವನ ರೋಗ ಹೋಯಿತು. ಮಂದಿಯ ಬಾಯಿಯಿಂದ ಹೋಗಲಿಲ್ಲ. ಆರಗದಲ್ಲಿ ಬೇರೆಯವರ ದ್ರಾಕ್ಷಿ ತೋಟ ಕಾಯುತ್ತ, ಹಕ್ಕಿ ಓಡಿಸುತ್ತ ಬದುಕಿದ. ದೊಡ್ಡ ಮಗಳ ಸಂಬಂಧ ಎರಡು ಸಲ ಮುರಿಯಿತು ಎಂದು ಕೇಳಿದೆ. ಅಂದು ಚಹಾ ಕುಡಿಯುತ್ತ ನಾನು ಆಡಿದ ಒಂದು ಮಾತು ಅಲ್ಲಿವರೆಗೆ ನಡೆದುಹೋಗಿತ್ತು.

ಐದು ವರ್ಷದ ಹಿಂದೆ ಅವನ ತಾಯಿ ತೀರಿಕೊಂಡಳು. ಶಿವಗಣಾರಾಧನೆಯ ಊಟಕ್ಕೆ ನಾನು ಹೋಗಲೇಬೇಕಿತ್ತು. ಅಂಗಳದಲ್ಲಿ ಪಂಕ್ತಿ ಹಾಕಿದ್ದರು. ಕೂತ ಮೇಲೆ ನೋಡಿದರೆ ಅವನು ನನ್ನ ಎದುರಿನ ಸಾಲಿನಲ್ಲೇ ಇದ್ದ. ಕೂದಲು ಪೂರ್ತಿ ಬೆಳ್ಳಗೆ. ಬಲಗೈಯನ್ನು ಧೋತರದ ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದ ಉಣ್ಣುತ್ತಿದ್ದ. ಬಡಿಸುತ್ತಿದ್ದ ಪರಊರಿನ ಮುದುಕಿಯೊಬ್ಬಳು ನಿಂತು ಗದರಿದಳು.

"ಹಿರ್ಯಾರಾಗಿ ಎಡಗೈಲೆ ಉಣ್ಣತೀರಲ್ರಿ. ಬಲಗೈ ಎಲ್ಲಿಟ್ಟೀರಿ?"

"ಸಾಂಗ್ಲಿಯಾಗ ಬಿಟ್ಟ ಬಂದೇನ್ರಿ ಆಯಿ. ಭಾವ ಚಲೋ ಬಂದಿತ್ತು," ಅಂದ.

ಸಾಲಿನಲ್ಲಿದ್ದವರು ನಕ್ಕರು. ಅವರಿಗೆ ಕೊಕ್ಕೆಯ ಕತೆ ಗೊತ್ತಿರಲಿಲ್ಲ. ಅವನು ನನ್ನ ಕಡೆ ನೋಡಲಿಲ್ಲ, ನನಗೆ ತಾಗಲಿ ಎಂದೂ ಹೇಳಲಿಲ್ಲ. ನನ್ನ ಬಾಯಿಗೆ 'ತಪ್ಪಾತು' ಎಂಬ ಮಾತು ಬಂತು. ನಿಜವಾಗಿ ಬಂತು, ನಾಲಿಗೆಯ ಮೇಲೆ ಬಂತು. ಎರಡು ಮೊಳದ ಅಂತರ. ಎದ್ದೇಳುವುದೂ ಬೇಕಿರಲಿಲ್ಲ. ನಾನು, "ಹುಗ್ಗಿ ಚಲೋ ಆಗೇತಿ," ಅಂದೆ.

ಅವನು ಆಗ ತಲೆ ಎತ್ತಿದ. "ಅವ್ವಗ ಸೇರತಿತ್ತು. ಸಣ್ಣಾವಿದ್ದಾಗ ನೀನೂ ಆಕಿ ಕೈಯಿಂದ ಭಾಳ ತಿಂದಿ. ಇನ್ನೊಂದ ಸವಟ ಹಾಕ್ಕೋ," ಅಂದು, ಮುದುಕಿಯನ್ನು ಕರೆದು ನನ್ನ ಎಲೆ ತೋರಿಸಿದ. ತೋರಿಸಿದ್ದು ಆ ಬಲಗೈಯಿಂದ. ಹೆಬ್ಬೆರಳೊಂದೇ ಇತ್ತು.

ನಾನು ಹಾಕಿಸಿಕೊಂಡು ಉಂಡೆ, ಕೈ ತೊಳೆದು ಬಸ್ಸಿಗೆ ಬಂದೆ.

ಇಷ್ಟು ಹೊತ್ತೂ ಅವನನ್ನು ತೂಕದವ ಎಂದೇ ಬರೆದಿದ್ದೇನೆ. ಹಾಗೆ ಬರೆದರೆ ಮಾಲೀಕನೊಬ್ಬ ಕೆಲಸದವನನ್ನು ಹೊಡೆದ ಕತೆಯಾಗುತ್ತದೆ. ಅಂಥವು ಪೇಟೆಯಲ್ಲಿ ಬೇಕಾದಷ್ಟಿದ್ದವು, ಅವುಗಳ ಸಾಲಿನಲ್ಲಿ ನಾನೂ ನಿಲ್ಲಬಹುದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನಿಗೆ, ಮಂದಿ ಮುಂದೆ ಅಣ್ಣ ಅನ್ನಬೇಡ, ಸಾವಕಾರ ಅನ್ನು ಎಂದು ತಾಕೀತು ಮಾಡಿದವನು ನಾನು. ಆ ಶಿವಗಣಾರಾಧನೆಯಲ್ಲಿ ನಾನು ಉಂಡದ್ದು ನನ್ನ ಮಾವಶಿಯ ಊಟ, ನನ್ನ ತಾಯಿಯ ಒಡಹುಟ್ಟಿದ ತಂಗಿಯದು. ನನ್ನ ತಾಯಿ ಜಡ್ಡಿನಲ್ಲಿ ಬಿದ್ದ ಎರಡು ವರ್ಷ ನಾನು ಬೆಳೆದದ್ದು ಅವಳ ಮನೆಯಲ್ಲಿ, ಅವನ ಜೊತೆ ಒಂದೇ ಚಾದರದ ಕೆಳಗೆ ಮಲಗಿ. ಅವನು ಈಗಲೂ ಆರಗದಲ್ಲಿದ್ದಾನೆ. ತಪ್ಪಾಯಿತು ಎಂದು ನಾನು ಹೇಳದೆ ಉಳಿದದ್ದು ಅವನಿಗೆ, ನನ್ನ ತಮ್ಮನಿಗೆ.